ಆಫೀಸಿನಿಂದ ಹೊರಬಿದ್ದ ಪಿಸಿ, ಮನೆಗೊಂದು ಸರ್ವರ್: ಎಲೀಟ್‌ಡೆಸ್ಕ್ 800 ಜಿ4 ಮತ್ತು ಓಪನ್‌ಮೀಡಿಯಾವಾಲ್ಟ್ 7 ವಿಮರ್ಶೆ

ಮನೆಯವರ ಫೋಟೊ, ವಿಡಿಯೊ, ಜಮೀನಿನ ಪತ್ರಗಳ ಸ್ಕ್ಯಾನ್, ಲ್ಯಾಪ್‌ಟಾಪ್‌ಗಳ ಬ್ಯಾಕಪ್ ಎಲ್ಲ ಒಂದೇ ಕಡೆ ಇರಬೇಕು, ಅದೇ ಯಂತ್ರ ಟಿವಿಗೆ ಸಿನಿಮಾವನ್ನೂ ಕೊಡಬೇಕು, ಇನ್ನೊಂದೆರಡು ಸೇವೆ ನಡೆಸಿದರೆ ಇನ್ನೂ ಒಳ್ಳೆಯದು. ಹೀಗೆ ಯೋಚಿಸುವವರ ಕಣ್ಣಿಗೆ ಮೊದಲು ಬೀಳುವುದು ಸಿನಾಲಜಿಯಂಥ ಕಂಪನಿಗಳ ಸಿದ್ಧ ನ್ಯಾಸ್ ಪೆಟ್ಟಿಗೆ, ಅಂದರೆ ಮನೆಯ ಜಾಲದಲ್ಲಿ ಫೈಲ್ ಹಂಚುವ ಡಿಸ್ಕ್ ಪೆಟ್ಟಿಗೆ. ಅದಕ್ಕೆ ಕೊಟ್ಟ ದುಡ್ಡಿನಲ್ಲಿ ಡಿಸ್ಕ್ ಬರುವುದಿಲ್ಲ, ಡಿಸ್ಕ್ ಬೇರೆ ಕೊಳ್ಳಬೇಕು. ಕೊನೆಗೆ ಬಜೆಟ್ ಮುಗಿದು, ಬ್ಯಾಕಪ್ ಡಿಸ್ಕನ್ನು ಮುಂದಿನ ವರ್ಷ ನೋಡೋಣ ಎಂದು ಬಿಡುವವರೇ ಹೆಚ್ಚು. ಮನೆ ಸರ್ವರ್‌ನಲ್ಲಿ ಬೆಲೆಬಾಳುವುದು ಡೇಟಾ, ಪೆಟ್ಟಿಗೆಯಲ್ಲ. ಪೆಟ್ಟಿಗೆಗೆ ಎಷ್ಟು ಕಡಿಮೆ ಖರ್ಚಾಗುತ್ತದೋ ಅಷ್ಟು ದುಡ್ಡು ಡಿಸ್ಕಿಗೂ ಎರಡನೇ ಪ್ರತಿಗೂ ಹೋಗಬೇಕು. ಆ ಲೆಕ್ಕದಲ್ಲಿ ಲೀಸ್ ಮುಗಿದು ಕಂಪನಿಗಳಿಂದ ಹೊರಬೀಳುವ ಎಚ್‌ಪಿ ಎಲೀಟ್‌ಡೆಸ್ಕ್ 800 ಜಿ4 ಎಸ್‌ಎಫ್‌ಎಫ್ (ಸಣ್ಣ ಗಾತ್ರದ) ಪಿಸಿಗೆ ಸಾಟಿ ಕಡಿಮೆ. ಅದಕ್ಕೆ ಪಿಸಿಯನ್ನು ಫೈಲ್ ಸರ್ವರ್ ಮಾಡುವ ಉಚಿತ ಆಪರೇಟಿಂಗ್ ಸಿಸ್ಟಂ ಓಪನ್‌ಮೀಡಿಯಾವಾಲ್ಟ್ 7 ಹಾಕಿ ನಡೆಸಿದರೆ ಏನು ಸಿಗುತ್ತದೆ, ಎಲ್ಲಿ ಕೈಕೊಡುತ್ತದೆ ಎಂಬುದು ಈ ವಿಮರ್ಶೆ.

ಯಂತ್ರ

ಸಾಮಾನ್ಯವಾಗಿ ಸಿಗುವುದು ಇಂಟೆಲ್ ಐ5-8500 ಇರುವ ಪಿಸಿ. 2018ರ ಪ್ರೊಸೆಸರ್, ಆರು ಕೋರ್, ಜೊತೆಗೆ ಯುಎಚ್‌ಡಿ 630 ಗ್ರಾಫಿಕ್ಸ್. ಹಳತು ಎಂದು ಮೂಗು ಮುರಿಯಬೇಡಿ. ಸಿನಾಲಜಿಯ ಡಿಎಸ್224+ ಪೆಟ್ಟಿಗೆಯಲ್ಲಿರುವುದು ನಾಲ್ಕು ಕೋರಿನ ಸೆಲೆರಾನ್ ಜೆ4125, 2 ಜಿಬಿ ರ್‍ಯಾಮ್ ಮಾತ್ರ. ಎಲೀಟ್‌ಡೆಸ್ಕಿನಲ್ಲಿ ನಾಲ್ಕು ರ್‍ಯಾಮ್ ಸ್ಲಾಟ್ ಇವೆ, ಡಿಡಿಆರ್4 ರ್‍ಯಾಮ್ 64 ಜಿಬಿವರೆಗೆ ಹಿಡಿಯುತ್ತದೆ. 3.5 ಇಂಚಿನ ಎರಡು ಹಾರ್ಡ್ ಡಿಸ್ಕಿಗೆ ಜಾಗ, ಎನ್‌ವಿಎಂಇ ಎಸ್‌ಎಸ್‌ಡಿಗೆ ಎರಡು ಎಂ.2 ಸ್ಲಾಟ್, ಒಂದು ಗಿಗಾಬಿಟ್ ಪೋರ್ಟ್. ಮನೆ ಬಳಕೆಗೆ ಈ ಜೋಡಣೆ ಹೇಳಿ ಮಾಡಿಸಿದಂತಿದೆ: ಒಂದು ಎಸ್‌ಎಸ್‌ಡಿ ಆಪರೇಟಿಂಗ್ ಸಿಸ್ಟಂಗೆ, ಇನ್ನೊಂದು ಸೇವೆಗಳ ಡೇಟಾಬೇಸಿಗೆ, ದೊಡ್ಡ ಡಿಸ್ಕ್ ಎರಡೂ ಫೈಲುಗಳಿಗೆ.

ಕೊಳ್ಳುವಾಗ ಹೆಸರು ನೋಡಿ ಮೋಸಹೋಗಬೇಡಿ. 800 ಜಿ4 ಹೆಸರಿನಲ್ಲಿ ಪುಟ್ಟ ಮಿನಿ ಪಿಸಿಯೂ ಇದೆ. ಅದರೊಳಗೆ 3.5 ಇಂಚಿನ ಡಿಸ್ಕ್ ಕೂರುವುದೇ ಇಲ್ಲ. ಪ್ರೊಡೆಸ್ಕ್ 400 ಜಿ4 ಎಸ್‌ಎಫ್‌ಎಫ್ ಎಂಬುದು ಇನ್ನೊಂದು ಬಲೆ. ಹೆಸರಿನಲ್ಲಿ ಜಿ4 ಇದ್ದರೂ ಅದು ಏಳನೇ ತಲೆಮಾರಿನ ಪ್ರೊಸೆಸರ್‌ನದು, ಹೆಚ್ಚೆಂದರೆ ನಾಲ್ಕೇ ಕೋರ್. ಬೆಂಗಳೂರಿನ ಎಸ್‌ಪಿ ರೋಡಿನ ಅಂಗಡಿಯಲ್ಲಿ ಕೊಂಡರೂ, ಆನ್‌ಲೈನಿನಲ್ಲಿ ತರಿಸಿದರೂ ಪ್ರೊಸೆಸರ್ ಸಂಖ್ಯೆ 8ರಿಂದ ಶುರುವಾಗುತ್ತದೆಯೇ, ಪೆಟ್ಟಿಗೆ ಎಸ್‌ಎಫ್‌ಎಫ್ ಗಾತ್ರದ್ದೇ ಎಂದು ಖಾತ್ರಿ ಮಾಡಿಕೊಳ್ಳಿ.

ಅಂಗಡಿಯಲ್ಲೇ ನಿಂತು ಮಾಡಬೇಕಾದ ಪರೀಕ್ಷೆ ಇನ್ನೂ ಕೆಲವಿವೆ. ಪವರ್ ಒತ್ತಿದ ತಕ್ಷಣ ಎಫ್10 ಒತ್ತಿ ಬಯಾಸ್ (ಪಿಸಿಯ ಮೂಲ ಸೆಟ್ಟಿಂಗ್ ಪುಟ) ಒಳಗೆ ಹೋಗಿ. ಪಾಸ್‌ವರ್ಡ್ ಕೇಳಿದರೆ, ಅಂಗಡಿಯವರು ಅದನ್ನು ನಿಮ್ಮೆದುರೇ ತೆಗೆಯದಿದ್ದರೆ, ಆ ಪಿಸಿ ಬೇಡ. ಆಮೇಲೆ ಮುಚ್ಚಳ ತೆಗೆಸಿ. ಈ ಮಾದರಿಯಲ್ಲಿ ಡಿಸ್ಕಿಗೆ ಕರೆಂಟ್ ಬರುವುದು ಪವರ್ ಸಪ್ಲೈಯಿಂದ ನೇರವಾಗಿ ಅಲ್ಲ, ಮದರ್‌ಬೋರ್ಡಿನಿಂದ ಹೊರಡುವ ಎಚ್‌ಪಿಯದೇ ಕೇಬಲ್‌ನಿಂದ. ಎಸ್‌ಎಸ್‌ಡಿ ಹಾಕಿ ಮಾರುವಾಗ ಆ ಕೇಬಲ್ ಕಳೆದುಹೋಗಿರುವುದು ಮಾಮೂಲು. ಡಿಸ್ಕನ್ನು ಕೂರಿಸುವ ರಬ್ಬರ್ ತೊಟ್ಟ ಸ್ಕ್ರೂಗಳೂ ಹಾಗೆಯೇ. ಎರಡು ಡಿಸ್ಕಿಗೆ ಬೇಕಾಗುವಷ್ಟು ಕೇಬಲ್, ಸ್ಕ್ರೂ ಇವೆಯೇ ಎಂದು ಎಣಿಸಿ. ಪವರ್ ಸಪ್ಲೈಯೂ ಎಚ್‌ಪಿ ಅಳತೆಯದೇ. ಸುಟ್ಟುಹೋದರೆ ಮಾರುಕಟ್ಟೆಯ ಸಾಮಾನ್ಯ ಎಟಿಎಕ್ಸ್ ಪವರ್ ಸಪ್ಲೈ ಅದಕ್ಕೆ ಹೊಂದುವುದಿಲ್ಲ. ಇದು ಈ ಪಿಸಿಯ ನಿಜವಾದ ದೌರ್ಬಲ್ಯ.

ಮನೆಗೆ ತಂದ ಮೇಲೆ ಮದರ್‌ಬೋರ್ಡಿನ ಸಿಆರ್2032 ಬ್ಯಾಟರಿ ಹೊಸದು ಹಾಕಿ, ಪ್ರೊಸೆಸರಿನ ಥರ್ಮಲ್ ಪೇಸ್ಟ್ ಬದಲಿಸಿ, ಧೂಳು ಹೊಡೆಯಿರಿ. ಬಯಾಸ್‌ನಲ್ಲಿ ಎರಡು ಬದಲಾವಣೆ ಬೇಕೇಬೇಕು. ಕರೆಂಟ್ ಹೋಗಿ ಬಂದ ಮೇಲೆ ಏನಾಗಬೇಕು ಎಂಬಲ್ಲಿ ‘ಪವರ್ ಆನ್’ ಆರಿಸಿ. ಇಲ್ಲದಿದ್ದರೆ ನೀವು ಊರಿನಲ್ಲಿಲ್ಲದಾಗ ಕರೆಂಟ್ ಹೋದರೆ ವಾಪಸ್ ಬಂದು ಗುಂಡಿ ಒತ್ತುವವರೆಗೆ ಸರ್ವರ್ ಸತ್ತಂತೆಯೇ. ಎರಡನೆಯದು ಫ್ಯಾನ್‌ನ ಕನಿಷ್ಠ ವೇಗ. ಈ ಪೆಟ್ಟಿಗೆಯಲ್ಲಿ ಎರಡು ಡಿಸ್ಕ್ ಇಕ್ಕಟ್ಟಾಗಿ ಕೂರುತ್ತವೆ. ಫ್ಯಾನ್ ತಿರುಗುವುದು ಪ್ರೊಸೆಸರಿನ ಬಿಸಿ ನೋಡಿಕೊಂಡು, ಡಿಸ್ಕಿನ ಬಿಸಿ ಅದಕ್ಕೆ ಗೊತ್ತಾಗುವುದಿಲ್ಲ. ರಾಯಚೂರು, ಕಲಬುರಗಿಯ ಏಪ್ರಿಲ್ ಬಿಸಿಲಿನಲ್ಲಿ ಡಿಸ್ಕ್ 50 ಡಿಗ್ರಿ ಮುಟ್ಟುವುದು ಕಷ್ಟವೇನಲ್ಲ. 45ರ ಒಳಗೆ ಇರುವಷ್ಟು ಫ್ಯಾನ್ ಏರಿಸಿ, ಸದ್ದು ಸ್ವಲ್ಪ ಹೆಚ್ಚಾದರೂ ಪರವಾಗಿಲ್ಲ.

ಕರೆಂಟ್ ಬಿಲ್ ಬಗ್ಗೆ ಎಲ್ಲರಿಗೂ ಭಯ. ಡಿಸ್ಕ್ ಇಲ್ಲದೆ ಸುಮ್ಮನೆ ಕೂತಾಗ ಇಂಥ ಪಿಸಿ ಎಳೆಯುವುದು ಸುಮಾರು 10-15 ವ್ಯಾಟ್, ತಿರುಗುತ್ತಿರುವ ಪ್ರತಿ ಡಿಸ್ಕಿಗೆ 4-6 ವ್ಯಾಟ್. ಒಟ್ಟು 25 ವ್ಯಾಟ್ ಎಂದುಕೊಂಡರೆ ತಿಂಗಳಿಗೆ 18 ಯುನಿಟ್, ಯುನಿಟ್‌ಗೆ ಆರು ರೂಪಾಯಿಯಂತೆ 108 ರೂಪಾಯಿ. ಗೃಹಜ್ಯೋತಿಯಲ್ಲಿರುವ ಮನೆಯವರು ಮಾತ್ರ ಈ 18 ಯುನಿಟ್ಟನ್ನು ತಮ್ಮ ಬಳಕೆಗೆ ಕೂಡಿಸಿ ನೋಡಬೇಕು. ತಿಂಗಳಿಗೆ 200 ಯುನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕಾಗುತ್ತದೆ.

ಡಿಸ್ಕ್

ದುಡ್ಡು ಸುರಿಯಬೇಕಾದದ್ದು ಇಲ್ಲಿ. ಬರಹದ ಪಟ್ಟಿಗಳು ಒಂದರ ಪಕ್ಕ ಒಂದು ಬಿಡಿಬಿಡಿಯಾಗಿರುವ ಸಿಎಂಆರ್ ಬಗೆಯ ಡಿಸ್ಕನ್ನೇ ಕೊಳ್ಳಿ: ಸೀಗೇಟ್ ಐರನ್‌ವುಲ್ಫ್, ಡಬ್ಲ್ಯುಡಿ ರೆಡ್ ಪ್ಲಸ್, ತೊಷಿಬಾ ಎನ್300 ಎಲ್ಲವೂ ಸಿಎಂಆರ್. ಎಸ್‌ಎಂಆರ್ ಡಿಸ್ಕಿನಲ್ಲಿ ಬರಹದ ಪಟ್ಟಿಗಳು ಒಂದರ ಮೇಲೊಂದು ಹೆಂಚಿನಂತೆ ಹೊದ್ದಿರುತ್ತವೆ. ನಡುವಿನ ಒಂದನ್ನು ಬದಲಿಸಲು ಅಕ್ಕಪಕ್ಕದವನ್ನೂ ಮತ್ತೆ ಬರೆಯಬೇಕು. ಸಣ್ಣ ಕೆಲಸದಲ್ಲಿ ಇದು ಗೊತ್ತಾಗುವುದಿಲ್ಲ, ನೂರಾರು ಜಿಬಿ ಒಟ್ಟಿಗೆ ಬರೆಯುವಾಗ ವೇಗ ಕುಸಿದುಬೀಳುತ್ತದೆ. ಸೀಗೇಟ್ ಬಾರಾಕುಡಾದ ಡಿಎಂ004 ಎಂದು ಕೊನೆಯಾಗುವ 4 ಟಿಬಿ, 8 ಟಿಬಿ ಮಾದರಿಗಳು ಎಸ್‌ಎಂಆರ್. ಡಬ್ಲ್ಯುಡಿಯ ಬರೀ ‘ರೆಡ್’ ಹೆಸರಿನ, ಇಎಫ್‌ಎಎಕ್ಸ್ ಎಂದು ಕೊನೆಯಾಗುವ 2ರಿಂದ 6 ಟಿಬಿ ಡಿಸ್ಕುಗಳೂ ಅವೇ. ಇದು 2020ರಲ್ಲಿ ಬಯಲಾದ ಮೇಲೆಯೇ ‘ರೆಡ್ ಪ್ಲಸ್’ ಎಂಬ ಬೇರೆ ಸಾಲು ಹುಟ್ಟಿದ್ದು. ಸಿಸಿಟಿವಿಗೆಂದು ಅಂಗಡಿಗಳಲ್ಲಿ ಧಾರಾಳವಾಗಿ ಸಿಗುವ ಪರ್ಪಲ್, ಸ್ಕೈಹಾಕ್ ಡಿಸ್ಕುಗಳೂ ಕೆಲಸಕ್ಕೆ ಆಗುತ್ತವೆ. ಆದರೆ ಬೆಲೆಯ ವ್ಯತ್ಯಾಸ ಕಡಿಮೆ ಇದ್ದರೆ ನ್ಯಾಸ್ ಡಿಸ್ಕೇ ಇರಲಿ.

ಹೊಸ ಡಿಸ್ಕನ್ನು ಕೂಡಲೇ ನಂಬಬಾರದು. ಮೊದಲು ಸ್ಮಾರ್ಟ್ (ಡಿಸ್ಕ್ ತನ್ನ ಆರೋಗ್ಯವನ್ನು ತಾನೇ ಅಳೆದು ದಾಖಲಿಸುವ ವ್ಯವಸ್ಥೆ) ದೀರ್ಘ ಪರೀಕ್ಷೆ ಹಚ್ಚಿ. 8 ಟಿಬಿ ಡಿಸ್ಕಿಗೆ ಅರ್ಧ ದಿನ ಬೇಕು. ಪುರುಸೊತ್ತಿದ್ದರೆ ಬ್ಯಾಡ್‌ಬ್ಲಾಕ್ಸ್ ಉಪಕರಣದ ಬರೆದು ಓದುವ ಪರೀಕ್ಷೆಯನ್ನೂ ಮಾಡಿ. ಅದು ನಾಲ್ಕು ವಿನ್ಯಾಸಗಳನ್ನು ಬರೆದು ಓದುತ್ತದೆ, ಅಂದರೆ ಇಡೀ ಡಿಸ್ಕಿನ ಮೇಲೆ ಎಂಟು ಸುತ್ತು, ಹೆಚ್ಚುಕಡಿಮೆ ನಾಲ್ಕು ದಿನ. ಇಲ್ಲೊಂದು ತೊಡಕಿದೆ: ಬ್ಲಾಕ್ ಗಾತ್ರ ಹೇಳದಿದ್ದರೆ ಅದು 1024 ಬೈಟ್ ಎಂದುಕೊಳ್ಳುತ್ತದೆ, ಬ್ಲಾಕ್ ಸಂಖ್ಯೆ 32 ಬಿಟ್‌ಗೆ ಹಿಡಿಸದೆ ಪರೀಕ್ಷೆ ಶುರುವಾಗುವ ಮೊದಲೇ ನಿಂತುಬಿಡುತ್ತದೆ. ಗಾತ್ರವನ್ನು 4096 ಎಂದು ಕೊಡಿ. ಈ ಪರೀಕ್ಷೆ ಡಿಸ್ಕಿನಲ್ಲಿದ್ದುದನ್ನೆಲ್ಲ ಅಳಿಸುತ್ತದೆ ಎಂಬುದೂ ನೆನಪಿರಲಿ. ಬಳಸಿದ ಸೀಗೇಟ್ ಡಿಸ್ಕುಗಳ ಸ್ಮಾರ್ಟ್ ಲೆಕ್ಕ ಸೊನ್ನೆ ಮಾಡಿ ಹೊಸದೆಂದು ಮಾರಿದ್ದು 2025ರ ಆರಂಭದಲ್ಲಿ ದೊಡ್ಡ ಸುದ್ದಿಯಾಯಿತು. ಸೀಗೇಟ್ ಡಿಸ್ಕುಗಳಲ್ಲಿ ಫಾರ್ಮ್ ಎಂಬ ಇನ್ನೊಂದು ದಾಖಲೆ ಇರುತ್ತದೆ. ಸ್ಮಾರ್ಟ್‌ಮಾನ್‌ಟೂಲ್ಸ್ 7.4 ಅಥವಾ ಅದರ ನಂತರದ ಆವೃತ್ತಿಯಿಂದ ಅದನ್ನು ಓದಿ, ಓಡಿದ ಗಂಟೆಗಳನ್ನು ಸ್ಮಾರ್ಟ್ ಲೆಕ್ಕಕ್ಕೆ ತಾಳೆ ನೋಡಿ. ಹೊಂದದಿದ್ದರೆ ಡಿಸ್ಕ್ ವಾಪಸ್ ಕೊಡಿ.

ಎರಡು ಡಿಸ್ಕನ್ನು ಹೇಗೆ ಬಳಸಬೇಕು? ಎರಡರಲ್ಲೂ ಸದಾ ಒಂದೇ ಡೇಟಾ ಇಡುವ ರೇಡ್ 1 ಮಾಡಿಬಿಡಿ ಎಂಬ ಸಲಹೆ ಎಲ್ಲ ಕಡೆ ಸಿಗುತ್ತದೆ. ಮನೆಗೆ ಅದು ತಪ್ಪು ಆಯ್ಕೆ ಎನ್ನುವುದು ನನ್ನ ನಿಲುವು. ರೇಡ್ ಕಾಪಾಡುವುದು ಡಿಸ್ಕ್ ಸತ್ತಾಗ ಮಾತ್ರ. ಮನೆಯಲ್ಲಿ ಫೈಲ್ ಕಳೆಯುವುದು ಹೆಚ್ಚಾಗಿ ಯಾರೋ ತಪ್ಪಿ ಅಳಿಸಿದ್ದರಿಂದ, ಲ್ಯಾಪ್‌ಟಾಪಿಗೆ ರ್‍ಯಾನ್ಸಮ್‌ವೇರ್ ಹೊಕ್ಕಿದ್ದರಿಂದ. ಒಂದು ಡಿಸ್ಕಿನಲ್ಲಿ ಅಳಿಸಿದ್ದನ್ನು ರೇಡ್ ಅದೇ ಕ್ಷಣ ಇನ್ನೊಂದರಲ್ಲೂ ಅಳಿಸುತ್ತದೆ. ರೇಡ್‌ನ ಲಾಭ ಎಂದರೆ ಡಿಸ್ಕ್ ಸತ್ತ ದಿನವೂ ಸೇವೆ ನಿಲ್ಲುವುದಿಲ್ಲ. ಆಫೀಸಿಗೆ ಅದು ಮುಖ್ಯ. ಮನೆಯಲ್ಲಿ ಒಂದು ದಿನ ಸಿನಿಮಾ ಓಡದಿದ್ದರೆ ಏನೂ ಮುಳುಗುವುದಿಲ್ಲ. ಆದ್ದರಿಂದ ಮೊದಲ ಡಿಸ್ಕ್ ಮುಖ್ಯ ಸಂಗ್ರಹ, ಎರಡನೆಯದಕ್ಕೆ ದಿನಾ ರಾತ್ರಿ ಹಳೆಯ ಆವೃತ್ತಿಗಳನ್ನೂ ಉಳಿಸಿಕೊಳ್ಳುವ ಬ್ಯಾಕಪ್. ಆರ್‌ಸ್ನ್ಯಾಪ್‌ಶಾಟ್ ಅಥವಾ ರೆಸ್ಟಿಕ್ ಎರಡರಲ್ಲಿ ಯಾವುದಾದರೂ ಆದೀತು. ಏಳು ದಿನದ್ದು, ನಾಲ್ಕು ವಾರದ್ದು, ಆರು ತಿಂಗಳದ್ದು ಉಳಿಸಿಕೊಳ್ಳಿ.

ಓಪನ್‌ಮೀಡಿಯಾವಾಲ್ಟ್

ಫ್ರೀನ್ಯಾಸ್‌ನ ಡೆವಲಪರ್ ಆಗಿದ್ದ ಫೋಲ್ಕರ್ ಥೈಲೆ 2009ರಲ್ಲಿ ಫ್ರೀಬಿಎಸ್‌ಡಿ ಬಿಟ್ಟು ಡೆಬಿಯನ್ ಲಿನಕ್ಸ್ ಮೇಲೆ ಹೊಸದಾಗಿ ಬರೆಯಲು ಹೊರಟಾಗ ಶುರುವಾದ ಯೋಜನೆ ಇದು. ಆವೃತ್ತಿ 7 ನಿಂತಿರುವುದು ಡೆಬಿಯನ್ 12ರ ಮೇಲೆ. ಇಂಥದೇ ಇನ್ನೊಂದು ಸಿಸ್ಟಂ ಟ್ರೂನ್ಯಾಸ್ ಏಕೆ ಬೇಡ ಎಂದು ಕೇಳಬಹುದು. ಅದು ಡೇಟಾ ಇಡುವ ಫೈಲ್ ವ್ಯವಸ್ಥೆಯಾದ ಜ಼ಡ್‌ಎಫ್‌ಎಸ್‌ನ ಗಟ್ಟಿತನ ನಿಜ. ಆದರೆ ಅದು ಸೊಗಸುವುದು ನಾಲ್ಕಾರು ಡಿಸ್ಕ್, ತಪ್ಪನ್ನು ತಾನೇ ತಿದ್ದಿಕೊಳ್ಳುವ ಇಸಿಸಿ ರ್‍ಯಾಮ್ ಇರುವಲ್ಲಿ. ಈ ಎಲೀಟ್‌ಡೆಸ್ಕಿಗೆ ಇಸಿಸಿ ರ್‍ಯಾಮ್ ಹಾಕಲು ಬರುವುದಿಲ್ಲ, ಡಿಸ್ಕೂ ಎರಡೇ. ಅನ್‌ರೇಡ್ ಎಂಬ ಸಿಸ್ಟಂ ಕೂಡ ಒಳ್ಳೆಯದೇ, ಆದರೆ ಲೈಸೆನ್ಸ್‌ಗೆ ದುಡ್ಡು ಕೊಡಬೇಕು. ಓಪನ್‌ಮೀಡಿಯಾವಾಲ್ಟ್ ಒಳಗಿರುವುದು ಸಾದಾ ಡೆಬಿಯನ್, ಡಿಸ್ಕಿನಲ್ಲಿರುವುದು ಸಾದಾ ಎಕ್ಸ್‌ಟಿ4 ಫೈಲ್ ವ್ಯವಸ್ಥೆ. ಪಿಸಿ ಸತ್ತರೆ ಡಿಸ್ಕ್ ಬಿಚ್ಚಿ ಯಾವುದೇ ಲಿನಕ್ಸ್ ಲ್ಯಾಪ್‌ಟಾಪಿಗೆ ಸಿಕ್ಕಿಸಿದರೂ ಫೋಟೊಗಳು ಕಣ್ಣೆದುರು ಇರುತ್ತವೆ. ಈ ಒಂದು ಗುಣಕ್ಕೇ ನಾನು ಇದನ್ನು ಆರಿಸಿಕೊಳ್ಳುವುದು.

ಇನ್‌ಸ್ಟಾಲ್ ಮಾಡುವಾಗ ದೊಡ್ಡ ಡಿಸ್ಕುಗಳ ಕೇಬಲ್ ಬಿಚ್ಚಿಡಿ. ಇನ್‌ಸ್ಟಾಲರ್ ಆರಿಸಿದ ಡಿಸ್ಕನ್ನು ಪೂರ್ತಿ ಅಳಿಸುತ್ತದೆ. ತಪ್ಪು ಡಿಸ್ಕ್ ಆರಿಸುವ ಅವಕಾಶವೇ ಇಲ್ಲದಿದ್ದರೆ ಚಿಂತೆಯಿಲ್ಲ. ಪಿಸಿ ಜೊತೆ ಬಂದ 256 ಜಿಬಿ ಎಸ್‌ಎಸ್‌ಡಿಗೆ ಸಿಸ್ಟಂ ಹಾಕಿ. ಮುಗಿದ ಮೇಲೆ ಬ್ರೌಸರಿನಲ್ಲಿ ಸರ್ವರ್‌ನ ಐಪಿ ವಿಳಾಸ ತೆರೆದರೆ ಲಾಗಿನ್ ಪುಟ ಬರುತ್ತದೆ. ಬಳಕೆದಾರನ ಹೆಸರು ‘ಅಡ್ಮಿನ್’, ಪಾಸ್‌ವರ್ಡ್ ‘ಓಪನ್‌ಮೀಡಿಯಾವಾಲ್ಟ್’, ಎರಡೂ ಇಂಗ್ಲಿಷಿನ ಸಣ್ಣಕ್ಷರದಲ್ಲಿ. ಮೊದಲ ಕೆಲಸ ಅದನ್ನು ಬದಲಿಸುವುದು. ಎರಡನೆಯದು ರೂಟರ್‌ನಲ್ಲಿ ಸರ್ವರ್‌ಗೆ ಒಂದೇ ಐಪಿ ಕಾಯ್ದಿರಿಸುವುದು.

ಹೊಸಬರು ಎಡವುವುದು ಹೆಚ್ಚಾಗಿ ಮೂರು ಕಡೆ. ಯಾವುದೇ ಬದಲಾವಣೆ ಮಾಡಿದ ಮೇಲೆ ಮೇಲ್ಗಡೆ ಹಳದಿ ಪಟ್ಟಿ ಬರುತ್ತದೆ, ಅದರಲ್ಲಿ ಟಿಕ್ ಒತ್ತುವವರೆಗೆ ಏನೂ ಜಾರಿಗೆ ಬರುವುದಿಲ್ಲ. ವಿಂಡೋಸ್ ಜೊತೆ ಫೈಲ್ ಹಂಚುವ ಸಾಂಬಾದ, ಡಿಸ್ಕ್ ಮೌಂಟ್‌ನ ಸೆಟ್ಟಿಂಗ್ ಫೈಲುಗಳನ್ನು ಕೈಯಿಂದ ತಿದ್ದಿದರೆ ಮುಂದಿನ ಸಲ ಟಿಕ್ ಒತ್ತಿದಾಗ ನಿಮ್ಮ ತಿದ್ದುಪಡಿ ಅಳಿಸಿಹೋಗುತ್ತದೆ. ಆ ಫೈಲುಗಳನ್ನು ಪ್ರತಿ ಸಲ ಹೊಸದಾಗಿ ಬರೆಯುವುದು ಓಪನ್‌ಮೀಡಿಯಾವಾಲ್ಟೇ. ಮೂರನೆಯದು ಅತಿ ಹೆಚ್ಚು ಸತಾಯಿಸುವಂಥದ್ದು. ಹಂಚಿದ ಫೋಲ್ಡರ್‌ಗೆ ‘ಪರ್ಮಿಷನ್ಸ್’ ಬೇರೆ, ‘ಎಸಿಎಲ್’ ಬೇರೆ. ಮನೆಯವರಲ್ಲಿ ಯಾರು ಓದಬೇಕು, ಯಾರು ಬರೆಯಬೇಕು ಎಂಬುದಕ್ಕೆ ಮೊದಲನೆಯದೇ ಸಾಕು. ಎಸಿಎಲ್ ಪುಟವನ್ನು ಮುಟ್ಟಲೇಬೇಡಿ. ಮುಟ್ಟಿದರೆ ಡಾಕರ್‌ಗೆ (ಸೇವೆಗಳನ್ನು ಕಂಟೇನರ್ ಎಂಬ ಬಿಡಿ ಪೊಟ್ಟಣಗಳಲ್ಲಿ ಓಡಿಸುವ ತಂತ್ರಾಂಶ) ಒಂದು ಹಕ್ಕು, ವಿಂಡೋಸ್‌ಗೆ ಇನ್ನೊಂದು ಹಕ್ಕು ಆಗಿ, ಫೈಲ್ ಕಾಣುತ್ತದೆ ಆದರೆ ತೆರೆಯುವುದಿಲ್ಲ ಎಂಬ ಸ್ಥಿತಿ ಬರುತ್ತದೆ. ಡಾಕರ್ ಕಂಟೇನರುಗಳಿಗೆ ಬಳಕೆದಾರನ ಸಂಖ್ಯೆ 1000, ಗುಂಪಿನ ಸಂಖ್ಯೆ 100 ಕೊಟ್ಟರೆ ಸಾಂಬಾ ಮೂಲಕ ಬರೆದ ಫೈಲೂ ಕಂಟೇನರ್ ಬರೆದ ಫೈಲೂ ಒಂದಕ್ಕೊಂದು ಹೊಂದಿಕೊಳ್ಳುತ್ತವೆ. ಈ ವ್ಯವಸ್ಥೆಯಲ್ಲಿ ಮೊದಲ ಬಳಕೆದಾರನ ಸಂಖ್ಯೆ 1000, ‘ಯೂಸರ್ಸ್’ ಗುಂಪಿನ ಸಂಖ್ಯೆ 100.

ಗಿಗಾಬಿಟ್ ಜಾಲದಲ್ಲಿ ಫೈಲ್ ನಕಲು ಸೆಕೆಂಡಿಗೆ 110ರಿಂದ 118 ಎಂಬಿ ಬರಬೇಕು. 11-12ರಲ್ಲಿ ನಿಂತರೆ ಕೇಬಲ್‌ನ ಒಂದು ಜೋಡಿ ತಂತಿ ಕಡಿದು ಸಂಪರ್ಕ 100 ಮೆಗಾಬಿಟ್‌ಗೆ ಇಳಿದಿದೆ ಎಂದರ್ಥ. ದೊಡ್ಡ ನಕಲಿನ ನಡುವೆ ಸರ್ವರ್ ಜಾಲದಿಂದ ಕಣ್ಮರೆಯಾಗಿ, ಲಾಗ್‌ನಲ್ಲಿ ‘ಹಾರ್ಡ್‌ವೇರ್ ಯುನಿಟ್ ಹ್ಯಾಂಗ್’ ಎಂದು ಕಂಡರೆ ಕಾರಣ ಬೇರೆ. ಇಂಟೆಲ್ ಐ219 ಪೋರ್ಟ್ ಮತ್ತು ಲಿನಕ್ಸಿನ ಇ1000ಇ ಡ್ರೈವರ್ ನಡುವೆ ಇರುವ ಹಳೆಯ ತೊಂದರೆ ಅದು. ಈಥ್‌ಟೂಲ್ ಆದೇಶದಿಂದ ಟಿಎಸ್‌ಒ, ಜಿಎಸ್‌ಒ ಎಂಬ ಎರಡು ಸೆಟ್ಟಿಂಗನ್ನೂ ಆಫ್ ಮಾಡಿ, ಬೂಟ್ ಆದಾಗಲೆಲ್ಲ ಆ ಆದೇಶ ಓಡುವಂತೆ ಶೆಡ್ಯೂಲ್ ಹಾಕಿ.

ಕನ್ನಡದಲ್ಲಿ ಫೈಲ್ ಹೆಸರಿಡುವವರಿಗೆ ಎರಡು ಎಚ್ಚರಿಕೆ. ಲಿನಕ್ಸಿನಲ್ಲಿ ಫೈಲ್ ಹೆಸರಿಗೆ ಮಿತಿ 255 ಬೈಟ್. ವಿಂಡೋಸ್‌ನಲ್ಲಿ ಮಿತಿ 255 ಯೂನಿಕೋಡ್ ಸಂಕೇತ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್ ಬೇಕು, ಅಂದರೆ ಸರ್ವರ್‌ನಲ್ಲಿ ನಿಮಗೆ ಸಿಗುವುದು 85 ಮಾತ್ರ. ಅದೂ ಕಣ್ಣಿಗೆ ಕಾಣುವ ಅಕ್ಷರದ ಲೆಕ್ಕವಲ್ಲ. ‘ಸ್ತ್ರೀ’ ನೋಡಲು ಒಂದೇ ಅಕ್ಷರ, ಒಳಗೆ ಆರು ಸಂಕೇತ, 18 ಬೈಟ್. ಯಕ್ಷಗಾನ ಪ್ರಸಂಗದ ಹೆಸರು, ಮೇಳ, ಕಲಾವಿದರು, ತಾರೀಕು ಎಲ್ಲ ಸೇರಿಸಿ ಉದ್ದ ಹೆಸರಿಟ್ಟ ಫೈಲುಗಳು ವಿಂಡೋಸ್‌ನಿಂದ ನಕಲಾಗದೆ ನಿಲ್ಲುವುದು ಇದೇ ಕಾರಣಕ್ಕೆ. ಹಳೆಯ ಮ್ಯಾಕ್ ಡಿಸ್ಕುಗಳಿಂದ ಆರ್‌ಸಿಂಕ್ ಎಂಬ ನಕಲು ಉಪಕರಣ ಬಳಸುವವರಿಗೆ ಇನ್ನೊಂದು ತೊಂದರೆ: ಆ ಡಿಸ್ಕುಗಳ ಎಚ್‌ಎಫ್‌ಎಸ್+ ಫೈಲ್ ವ್ಯವಸ್ಥೆ ‘ಕೋ’ದ ಓತ್ವವನ್ನು ಮೂರು ತುಂಡು ಮಾಡಿ ಇಡುತ್ತದೆ, ವಿಂಡೋಸ್ ಮತ್ತು ಫೋನ್ ಒಂದೇ ಸಂಕೇತವಾಗಿ ಇಡುತ್ತವೆ. ಸರ್ವರ್‌ಗೆ ಇವೆರಡೂ ಬೇರೆ ಬೇರೆ ಹೆಸರು. ಫೋಲ್ಡರ್‌ನಲ್ಲಿ ಒಂದೇ ಹೆಸರಿನ ಎರಡು ಫೈಲ್ ಕಾಣುತ್ತವೆ. ಮ್ಯಾಕ್‌ನಿಂದ ಕಳಿಸುವಾಗ ಆರ್‌ಸಿಂಕ್‌ನ ‘ಐಕಾನ್ವ್’ ಆಯ್ಕೆಯಲ್ಲಿ ಯುಟಿಎಫ್-8-ಮ್ಯಾಕ್‌ನಿಂದ ಯುಟಿಎಫ್-8ಕ್ಕೆ ಎಂದು ಕೊಟ್ಟರೆ ಸರಿಹೋಗುತ್ತದೆ.

ಸೇವೆಗಳು

ಓಪನ್‌ಮೀಡಿಯಾವಾಲ್ಟಿಗೆ ಹೆಚ್ಚುವರಿ ಪ್ಲಗಿನ್ ಕೊಡುವ ಓಎಂವಿ-ಎಕ್ಸ್‌ಟ್ರಾಸ್ ಹಾಕಿ, ಅದರಿಂದ ಕಂಪೋಸ್ ಪ್ಲಗಿನ್ ಹಾಕಿದರೆ ಡಾಕರ್ ಸಿದ್ಧ. ಎರಡನೇ ಎಂ.2 ಸ್ಲಾಟಿನಲ್ಲಿ 1 ಟಿಬಿ ಎನ್‌ವಿಎಂಇ ಹಾಕಿ ಡಾಕರ್‌ನ ಸಂಗ್ರಹ, ಡೇಟಾಬೇಸ್, ಥಂಬ್‌ನೈಲ್ ಎಲ್ಲ ಅಲ್ಲೇ ಇಡಿ. ಹಾರ್ಡ್ ಡಿಸ್ಕಿನ ಮೇಲೆ ಡೇಟಾಬೇಸ್ ಇಟ್ಟರೆ ಫೋಟೊ ಜಾರಿಸುವಾಗ ಪ್ರತಿ ಬೆರಳಿಗೂ ಕಾಯಬೇಕು, ಡಿಸ್ಕ್ ಎಂದೂ ಮಲಗುವುದಿಲ್ಲ. ರ್‍ಯಾಮ್ 16 ಜಿಬಿ ಮಾಡಿಕೊಳ್ಳಿ.

ಇಡೀ ಸರ್ವರ್‌ನ ಶ್ರಮ ಸಾರ್ಥಕವಾಗುವುದು ಇಮ್ಮಿಚ್‌ನಲ್ಲಿ. ಗೂಗಲ್ ಫೋಟೋಸ್ ಬದಲಿಗೆ ಬಳಸಬಹುದಾದ ಈ ತಂತ್ರಾಂಶ 2025ರ ಅಕ್ಟೋಬರಿನಲ್ಲಿ ಆವೃತ್ತಿ 2.0 ತಲುಪಿ ಸ್ಥಿರವೆಂದು ಘೋಷಿಸಿಕೊಂಡಿತು. ಮುಖ ಗುರುತಿಸುತ್ತದೆ, ನಕ್ಷೆಯಲ್ಲಿ ಜಾಗ ತೋರಿಸುತ್ತದೆ, ಫೋಟೊದಲ್ಲಿರುವುದನ್ನು ಮಾತಿನಲ್ಲಿ ಹೇಳಿ ಹುಡುಕಲು ಬಿಡುತ್ತದೆ. ಹುಡುಕಾಟದ ಮೂಲ ಮಾದರಿಗೆ ಬರುವುದು ಇಂಗ್ಲಿಷ್. ಅಡ್ಮಿನ್ ಸೆಟ್ಟಿಂಗ್‌ನ ಮಷೀನ್ ಲರ್ನಿಂಗ್ ವಿಭಾಗದಲ್ಲಿ ಅದನ್ನು ಎನ್‌ಎಲ್‌ಎಲ್‌ಬಿ-ಕ್ಲಿಪ್ ಮಾದರಿಗೆ ಬದಲಿಸಿ. ಅದು ಬಲ್ಲ ಇನ್ನೂರು ಭಾಷೆಗಳಲ್ಲಿ ಕನ್ನಡವೂ ಒಂದು. ಬದಲಿಸಿದ ಮೇಲೆ ಸ್ಮಾರ್ಟ್ ಸರ್ಚ್ ಕೆಲಸವನ್ನು ಎಲ್ಲ ಫೋಟೊಗಳಿಗೂ ಮತ್ತೆ ಓಡಿಸಬೇಕು, ಇಲ್ಲದಿದ್ದರೆ ಹುಡುಕಿದ್ದು ಸಿಗುವುದಿಲ್ಲ. ‘ಬಾಳೆ ಎಲೆ ಊಟ’ ಎಂದು ಕನ್ನಡದಲ್ಲೇ ಬರೆದು ಹುಡುಕಲು ಅಮ್ಮನಿಗೂ ಅಜ್ಜನಿಗೂ ದಾರಿಯಾದರೆ, ಸರ್ವರ್ ಮನೆಯವರೆಲ್ಲರದ್ದಾಗುತ್ತದೆ.

ಗೂಗಲ್‌ನಿಂದ ಹಳೆಯ ಫೋಟೊ ತರುವಾಗ ಆತುರ ಬೇಡ. ಗೂಗಲ್‌ನಿಂದ ಡೇಟಾ ಇಳಿಸಿಕೊಳ್ಳುವ ಟೇಕ್‌ಔಟ್‌ನಲ್ಲಿ ಬರುವ ಜಿಪ್ ಫೈಲುಗಳಲ್ಲಿ ತಾರೀಕು, ಜಾಗದ ವಿವರ ಪಕ್ಕದ ಜೇಸನ್ ಫೈಲಿನಲ್ಲಿರುತ್ತದೆ. ಜಿಪ್ ಬಿಚ್ಚಿ ಫೋಟೊ ಮಾತ್ರ ಹಾಕಿದರೆ ಆ ವಿವರ ಹಿಂದೆಯೇ ಉಳಿಯುತ್ತದೆ. ಇಮ್ಮಿಚ್-ಗೋ ಎಂಬ ಸಣ್ಣ ಉಪಕರಣಕ್ಕೆ ಜಿಪ್‌ಗಳನ್ನು ಬಿಚ್ಚದೆಯೇ ಕೊಡಿ, ಅದು ಎರಡನ್ನೂ ಜೋಡಿಸಿ ಕಳಿಸುತ್ತದೆ. ವಾಟ್ಸ್ಆ್ಯಪ್ ಫೋಟೊಗಳದ್ದು ಬೇರೆ ಕಥೆ. ಅವುಗಳೊಳಗೆ ತೆಗೆದ ತಾರೀಕೇ ಇರುವುದಿಲ್ಲ. ಆಂಡ್ರಾಯ್ಡ್‌ನಲ್ಲಿ ಫೈಲ್ ಹೆಸರಿನಲ್ಲಿ 20230115 ಎಂಬಂತೆ ದಿನಾಂಕ ಇರುತ್ತದೆ, ಎಕ್ಸಿಫ್‌ಟೂಲ್‌ನಿಂದ ಅದನ್ನು ಫೋಟೊದೊಳಗೆ ಬರೆದು ಆಮೇಲೆ ಸೇರಿಸಿ. ಫೋನಿನ ಇಮ್ಮಿಚ್ ಆ್ಯಪ್‌ಗೆ ಬ್ಯಾಟರಿ ಉಳಿತಾಯದಿಂದ ವಿನಾಯಿತಿ ಕೊಡದಿದ್ದರೆ ಹಿನ್ನೆಲೆಯ ಅಪ್‌ಲೋಡ್ ಒಂದೆರಡು ದಿನದಲ್ಲಿ ಸದ್ದಿಲ್ಲದೆ ನಿಲ್ಲುತ್ತದೆ. ಮನೆಯ ಪ್ರತಿ ಫೋನಿನಲ್ಲೂ ಇದನ್ನು ಮಾಡಲೇಬೇಕು.

ಸಿನಿಮಾಗೆ ಜೆಲ್ಲಿಫಿನ್ ಎಂಬ ಮೀಡಿಯಾ ಸರ್ವರ್. ಕಂಟೇನರಿನ ಸೆಟ್ಟಿಂಗ್ ಬರೆದಿಡುವ ಕಂಪೋಸ್ ಫೈಲಿನಲ್ಲಿ ಗ್ರಾಫಿಕ್ಸ್ ಸಾಧನವನ್ನು ಒಳಗೆ ಕೊಟ್ಟು, ‘ರೆಂಡರ್’ ಗುಂಪಿನ ಸಂಖ್ಯೆಯನ್ನೂ ಸೇರಿಸಿ, ಪ್ಲೇಬ್ಯಾಕ್ ಸೆಟ್ಟಿಂಗ್‌ನಲ್ಲಿ ಇಂಟೆಲ್‌ನ ವಿಡಿಯೊ ಪರಿವರ್ತಕ ಕ್ವಿಕ್‌ಸಿಂಕ್ ಆರಿಸಿದರೆ 10 ಬಿಟ್ ಎಚ್‌ಇವಿಸಿ ವಿಡಿಯೊವನ್ನೂ ಯುಎಚ್‌ಡಿ 630 ಸುಲಭವಾಗಿ ಪರಿವರ್ತಿಸುತ್ತದೆ. ಎವಿ1 ಬಗೆಯ ವಿಡಿಯೊ ಮಾತ್ರ ಇದಕ್ಕೆ ಬರುವುದಿಲ್ಲ, ಅದರ ಭಾರ ಪೂರ್ತಿ ಪ್ರೊಸೆಸರಿನ ಮೇಲೆ. ಕನ್ನಡ ಸಬ್‌ಟೈಟಲ್ ಚೌಕಗಳಾಗಿ ಕಂಡರೆ ನೋಟೊ ಸಾನ್ಸ್ ಕನ್ನಡ ಫಾಂಟನ್ನು ಒಂದು ಫೋಲ್ಡರಿನಲ್ಲಿಟ್ಟು, ಪ್ಲೇಬ್ಯಾಕ್‌ನ ‘ಫಾಲ್‌ಬ್ಯಾಕ್ ಫಾಂಟ್’ ಜಾಗದಲ್ಲಿ ಆ ಫೋಲ್ಡರನ್ನು ತೋರಿಸಿ.

ಆ್ಯಡ್‌ಗಾರ್ಡ್ ಹೋಮ್ ಅಥವಾ ಪೈ-ಹೋಲ್ (ಇಡೀ ಮನೆಗೆ ವೆಬ್ ವಿಳಾಸ ಹುಡುಕಿಕೊಡುತ್ತಾ ಜಾಹೀರಾತು ತಡೆಯುವ ಸೇವೆಗಳು) ಹಾಕುವ ಮುನ್ನ ಒಮ್ಮೆ ಯೋಚಿಸಿ: ಸರ್ವರ್ ಮಲಗಿದ ದಿನ ಮನೆಯ ಇಂಟರ್ನೆಟ್ಟೂ ಮಲಗುತ್ತದೆ. ಹಾಕುವುದಾದರೆ 53ನೇ ಪೋರ್ಟ್ ಆಗಲೇ ಬಳಕೆಯಲ್ಲಿದೆ ಎಂಬ ದೋಷ ಬರಬಹುದು. ಕಂಟೇನರನ್ನು ಎಲ್ಲ ವಿಳಾಸಗಳ ಬದಲು ಸರ್ವರ್‌ನ ಮನೆಜಾಲದ ಐಪಿಗೆ ಮಾತ್ರ ಕಟ್ಟಿದರೆ ಅದು ಬಗೆಹರಿಯುತ್ತದೆ.

ಹೊರಗಿನಿಂದ

ಹೊರಗಿನಿಂದ ಸರ್ವರ್ ತೆರೆಯಲೆಂದು ಪೋರ್ಟ್ ಫಾರ್ವರ್ಡ್ ಮಾಡಲು ಗಂಟೆಗಟ್ಟಲೆ ಒದ್ದಾಡುವ ಮೊದಲು ರೂಟರ್‌ನಲ್ಲಿ ಡಬ್ಲ್ಯುಎಎನ್ (ಹೊರಜಾಲದ) ಐಪಿ ನೋಡಿ. ಅದು 100.64ರಿಂದ 100.127ರ ಒಳಗಿದ್ದರೆ ನೀವು ಸಿಜಿನ್ಯಾಟ್ ಹಿಂದೆ ಇದ್ದೀರಿ, ಅಂದರೆ ಇಂಟರ್ನೆಟ್ ಕಂಪನಿ ಒಂದೇ ಹೊರ ವಿಳಾಸವನ್ನು ಹಲವು ಮನೆಗಳಿಗೆ ಹಂಚಿದೆ. ನಮ್ಮಲ್ಲಿ ಮನೆ ಫೈಬರ್ ಸಂಪರ್ಕಗಳಲ್ಲಿ ಇದು ತೀರಾ ಸಾಮಾನ್ಯ. ಹೊರಗಿನಿಂದ ಬರುವ ಕರೆ ನಿಮ್ಮ ರೂಟರ್‌ಗೆ ಮುಟ್ಟುವುದೇ ಇಲ್ಲ. ಹೇಗಿದ್ದರೂ ಫೋಟೊ ಸರ್ವರನ್ನು ಬಯಲಿಗೆ ತೆರೆಯುವುದು ಕ್ಷೇಮವಲ್ಲ. ನಿಮ್ಮ ಸಾಧನಗಳನ್ನು ಖಾಸಗಿ ಜಾಲದಲ್ಲಿ ಬೆಸೆಯುವ, ವೈರ್‌ಗಾರ್ಡ್ ವಿಪಿಎನ್ ಮೇಲೆ ನಿಂತ ಟೇಲ್‌ಸ್ಕೇಲ್ ಹಾಕಿ, ಸರ್ವರ್‌ಗೆ, ಪ್ರತಿ ಫೋನಿಗೆ. ಹೊರದೇಶದಲ್ಲಿರುವ ಮಗಳ ಫೋನಿಗೂ ಹಾಕಿದರೆ ಮನೆಯ ಇಮ್ಮಿಚ್ ಅಲ್ಲೂ ತೆರೆಯುತ್ತದೆ. ಸರ್ವರ್‌ನ ಕೀ ಅವಧಿ ಮುಗಿಯದಂತೆ ಟೇಲ್‌ಸ್ಕೇಲ್‌ನ ಪುಟದಲ್ಲಿ ಸೆಟ್ ಮಾಡಿಡಿ, ಇಲ್ಲದಿದ್ದರೆ ನೀವು ಪ್ರವಾಸದಲ್ಲಿದ್ದಾಗಲೇ ಸಂಪರ್ಕ ಕಡಿದೀತು.

ಕರೆಂಟ್ ಹೋದಾಗ

ಮನೆಗೆ ಇನ್ವರ್ಟರ್ ಇದೆ, ಸಾಕಲ್ಲ ಎಂದುಕೊಳ್ಳಬೇಡಿ. ಸಾಮಾನ್ಯ ಮೋಡ್‌ನಲ್ಲಿ ಇನ್ವರ್ಟರ್ ಬ್ಯಾಟರಿಗೆ ಹೊರಳಲು ತೆಗೆದುಕೊಳ್ಳುವ ಸಮಯ ಪಿಸಿಗೆ ಹೆಚ್ಚಾಗಬಹುದು, ಅಷ್ಟರಲ್ಲಿ ರೀಬೂಟ್ ಆಗುತ್ತದೆ. ಯುಪಿಎಸ್ ಮೋಡ್‌ನ ಸ್ವಿಚ್ ಇದ್ದರೆ ಅದಕ್ಕೆ ತಿರುಗಿಸಿ. ನಿಜವಾದ ಪ್ರಶ್ನೆ ಬ್ಯಾಟರಿ ಖಾಲಿಯಾಗುವ ಹೊತ್ತಿನದು. ಇನ್ವರ್ಟರ್ ತಾನು ಮುಗಿಯುತ್ತಿದ್ದೇನೆ ಎಂದು ಸರ್ವರ್‌ಗೆ ಹೇಳುವುದಿಲ್ಲ. ಯುಎಸ್‌ಬಿ ಡೇಟಾ ಪೋರ್ಟ್ ಇರುವ ಯುಪಿಎಸ್ ಕೊಂಡು ಯುಪಿಎಸ್‌ನ ಮಾತು ಕೇಳುವ ನಟ್ ಪ್ಲಗಿನ್ ಹಾಕಿದರೆ ಸರ್ವರ್ ತಾನೇ ನೆಟ್ಟಗೆ ಆರುತ್ತದೆ. ಅಗ್ಗದ 600 ವಿಎ ಮಾದರಿಗಳಲ್ಲಿ ಹಲವಕ್ಕೆ ಆ ಪೋರ್ಟ್ ಇರುವುದಿಲ್ಲ, ಪೆಟ್ಟಿಗೆಯ ಹಿಂಭಾಗ ನೋಡಿಯೇ ಕೊಳ್ಳಿ. ಇನ್ವರ್ಟರ್ ಮಾತ್ರ ಇರುವವರಿಗೆ ಒಂದು ಉಪಾಯ ಇದೆ. ಇನ್ವರ್ಟರ್ ಲೈನಿನಲ್ಲಿಲ್ಲದ ಸಾಕೆಟ್ಟಿಗೆ ಒಂದು ವೈಫೈ ಸ್ಮಾರ್ಟ್ ಪ್ಲಗ್ ಸಿಕ್ಕಿಸಿ, ಸರ್ವರ್ ನಿಮಿಷಕ್ಕೊಮ್ಮೆ ಅದಕ್ಕೆ ಪಿಂಗ್ ಕಳಿಸಲಿ. ಹದಿನೈದು ನಿಮಿಷ ಉತ್ತರ ಬರದಿದ್ದರೆ ಕರೆಂಟ್ ಇಲ್ಲ ಎಂದರ್ಥ, ಶಟ್‌ಡೌನ್ ಆದೇಶ ಓಡಲಿ. ರೂಟರ್ ಇನ್ವರ್ಟರ್ ಲೈನಿನಲ್ಲೇ ಇರಬೇಕು, ಇಲ್ಲದಿದ್ದರೆ ರೂಟರ್ ಆರಿದ್ದನ್ನೂ ಸರ್ವರ್ ಹಾಗೆಯೇ ಓದುತ್ತದೆ. ಹೀಗೆ ಆರಿದ ಸರ್ವರ್ ಕರೆಂಟ್ ಬಂದ ಮೇಲೆ ತಾನಾಗಿ ಏಳುವುದಿಲ್ಲ. ಇನ್ವರ್ಟರ್‌ನಿಂದ ಅದಕ್ಕೆ ಕರೆಂಟ್ ಪೂರ್ತಿ ಕಡಿದಿರುವುದೇ ಇಲ್ಲ. ಬಯಾಸ್‌ನಲ್ಲಿ ದಿನಕ್ಕೊಂದು ಹೊತ್ತಿಗೆ ಎಬ್ಬಿಸುವ ಸಮಯ ಹಾಕಿಟ್ಟರೆ ಆ ಕೊರತೆ ತುಂಬುತ್ತದೆ.

ಮನೆಯ ಹೊರಗೊಂದು ಪ್ರತಿ

ಒಂದೇ ಪೆಟ್ಟಿಗೆಯೊಳಗಿನ ಎರಡು ಡಿಸ್ಕ್ ಒಂದೇ ಸಿಡಿಲಿಗೆ ಹೋಗುತ್ತವೆ. ಮೂರನೇ ಪ್ರತಿ ಬೇರೆ ಛಾವಣಿಯ ಕೆಳಗಿರಬೇಕು. ಬೆಂಗಳೂರಿನಲ್ಲಿದ್ದು ಊರಿನಲ್ಲಿ ಅಪ್ಪ ಅಮ್ಮ ಇರುವವರಿಗೆ ಇದು ಸುಲಭ. ಊರ ಮನೆಯಲ್ಲಿ ಹಳೆಯ ಲ್ಯಾಪ್‌ಟಾಪ್ ಅಥವಾ ರಾಸ್ಪ್‌ಬೆರಿ ಪೈಗೆ ಒಂದು ಯುಎಸ್‌ಬಿ ಡಿಸ್ಕ್ ಸಿಕ್ಕಿಸಿ, ಟೇಲ್‌ಸ್ಕೇಲ್ ಹಾಕಿ, ರೆಸ್ಟಿಕ್‌ನಿಂದ ವಾರಕ್ಕೊಮ್ಮೆ ಕಳಿಸಿ. ರೆಸ್ಟಿಕ್ ಎಲ್ಲವನ್ನೂ ಗೂಢಲಿಪಿಯಲ್ಲಿ ಇಡುವುದರಿಂದ ಡಿಸ್ಕ್ ಕಳುವಾದರೂ ಫೋಟೊ ಬೇರೆಯವರ ಕಣ್ಣಿಗೆ ಬೀಳುವುದಿಲ್ಲ. ಮೊದಲ ಪ್ರತಿಯನ್ನು ಮಾತ್ರ ಇಂಟರ್ನೆಟ್ಟಿನಲ್ಲಿ ಕಳಿಸಬೇಡಿ. 50 ಎಂಬಿಪಿಎಸ್ ಅಪ್‌ಲೋಡ್‌ನಲ್ಲಿ 200 ಜಿಬಿಗೆ ಒಂಬತ್ತು ಗಂಟೆ, 2 ಟಿಬಿಗೆ ನಾಲ್ಕು ದಿನ ಹಿಡಿಯುತ್ತದೆ. ಮೊದಲ ಸಲ ಮನೆಯಲ್ಲೇ ತುಂಬಿಸಿ, ಹಬ್ಬಕ್ಕೆ ಊರಿಗೆ ಹೋಗುವಾಗ ಡಿಸ್ಕನ್ನು ಕೈಯಲ್ಲೇ ಒಯ್ಯಿರಿ.

ಬ್ಯಾಕಪ್‌ನಲ್ಲಿ ಏನು ಸೇರಿರಬೇಕು ಎಂಬಲ್ಲೂ ಒಂದು ಗುಟ್ಟಿದೆ. ಇಮ್ಮಿಚ್‌ನ ಪೋಸ್ಟ್‌ಗ್ರೆಸ್ ಡೇಟಾಬೇಸಿನ ಫೋಲ್ಡರನ್ನು ಓಡುತ್ತಿರುವಾಗ ನಕಲಿಸಿದರೆ ಆ ನಕಲನ್ನು ನೆಚ್ಚುವಂತಿಲ್ಲ. ಇಮ್ಮಿಚ್ ತಾನೇ ದಿನಾ ರಾತ್ರಿ ಎರಡು ಗಂಟೆಗೆ ಡೇಟಾಬೇಸಿನ ಡಂಪ್ (ಪೂರ್ತಿ ಪ್ರತಿ) ತೆಗೆದು, ಅಪ್‌ಲೋಡ್ ಫೋಲ್ಡರ್ ಒಳಗಿನ ‘ಬ್ಯಾಕಪ್ಸ್’ ಜಾಗದಲ್ಲಿ ಕೊನೆಯ 14ನ್ನು ಇಡುತ್ತದೆ. ಬ್ಯಾಕಪ್ ಮೂರು ಗಂಟೆಗೆ ಓಡಲಿ, ಅಪ್‌ಲೋಡ್ ಫೋಲ್ಡರ್ ಪೂರ್ತಿ ಸೇರಲಿ, ಕಂಪೋಸ್ ಫೈಲುಗಳೂ ಸೇರಲಿ. ಮೂರು ತಿಂಗಳಿಗೊಮ್ಮೆ ಊರಿನ ಡಿಸ್ಕಿನಿಂದ ಬೇರೆ ಬೇರೆ ವರ್ಷದ ಹತ್ತು ಫೋಟೊ ವಾಪಸ್ ತೆಗೆದು ತೆರೆದು ನೋಡಿ. ಅದೇ ದಿನ ಸ್ಮಾರ್ಟ್ ವರದಿಯಲ್ಲಿ 5, 197, 198ನೇ ಸಾಲು (ಕೆಟ್ಟ, ಕೆಡುತ್ತಿರುವ ಭಾಗಗಳ ಲೆಕ್ಕ) ಸೊನ್ನೆ ಇವೆಯೇ ನೋಡಿ. ಇವುಗಳಲ್ಲಿ ಯಾವುದು ಏರತೊಡಗಿದರೂ ಬದಲಿ ಡಿಸ್ಕ್ ತರುವ ಹೊತ್ತು ಬಂದಿದೆ. 199 ಒಂದೇ ಏರಿದ್ದರೆ ಡಿಸ್ಕನ್ನು ಬಯ್ಯಬೇಡಿ, ಸಾಟಾ ಕೇಬಲ್ ಬದಲಿಸಿ.

ಎರಡಕ್ಕಿಂತ ಹೆಚ್ಚು ದೊಡ್ಡ ಡಿಸ್ಕ್ ಬೇಕಾಗುವವರು, 20 ಟಿಬಿ ಮೀರಿ ವಿಡಿಯೊ ಇರುವ ಸ್ಟುಡಿಯೊದವರು ಈ ಪಿಸಿಯ ತಂಟೆಗೆ ಹೋಗಬೇಡಿ. ಯುಎಸ್‌ಬಿ ಪೆಟ್ಟಿಗೆಗಳನ್ನು ನೇತುಹಾಕಿ ಎಳೆದಾಡುವ ಬದಲು ದೊಡ್ಡ ಟವರ್ ತಂದು ಟ್ರೂನ್ಯಾಸ್ ಹಾಕುವುದೇ ಸರಿ. ಪರದೆ ಕಪ್ಪಾಗಿ ಅಕ್ಷರ ಕಂಡರೆ ಹೆದರುವವರಿಗೆ, ತಿಂಗಳಿಗೊಂದು ಗಂಟೆ ಕೊಡಲಾಗದವರಿಗೆ ಸಿನಾಲಜಿಯೇ ಮೇಲು. 2025ರ ಪ್ಲಸ್ ಮಾದರಿಗಳಲ್ಲಿ ತನ್ನ ಪಟ್ಟಿಯ ಡಿಸ್ಕುಗಳೇ ಬೇಕೆಂದು ಕಂಪನಿ ಹಾಕಿದ್ದ ನಿರ್ಬಂಧವನ್ನು ಅದೇ ವರ್ಷ ಅಕ್ಟೋಬರಿನಲ್ಲಿ ಅದರ ತಂತ್ರಾಂಶ ಡಿಎಸ್‌ಎಂ 7.3 ಸಡಿಲಿಸಿದೆ, ಆದ್ದರಿಂದ ಐರನ್‌ವುಲ್ಫ್ ಡಿಸ್ಕುಗಳನ್ನು ಅದರಲ್ಲೂ ಹಾಕಬಹುದು. ಆದರೆ ಪೆಟ್ಟಿಗೆ ಯಾವುದೇ ಆಗಲಿ, ಊರಿಗೆ ಹೋಗುವ ಆ ಮೂರನೇ ಡಿಸ್ಕಿನ ದುಡ್ಡನ್ನು ಮೊದಲೇ ಎತ್ತಿಟ್ಟು, ಉಳಿದದ್ದರಲ್ಲಿ ಪೆಟ್ಟಿಗೆ ಆರಿಸಿ.